ಹುಲ್ಲಿನ ಮಷೀನಿನ ಬ್ಯಾಟರಿ ಬಿಸಿ ಇದ್ದಾಗ ಚಾರ್ಜಿಗೆ ಹಾಕಬೇಡಿ

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಅಂಗಳ ದೊಡ್ಡದೇನಲ್ಲ, ಆದರೆ ಜೂನ್‌ನಲ್ಲಿ ಮಿರಗದ ಮಳೆ ಬಿದ್ದು ಹದಿನೈದು ದಿನ ಆಗೋದರೊಳಗೆ ಹುಲ್ಲು ಮೊಣಕಾಲಿಗೆ ಬರುತ್ತದೆ. ಮೊದಲೆಲ್ಲ ಆಳು ಬಂದು ಕುಡುಗೋಲು ಹಿಡಿದು ಅರ್ಧ ದಿನದಲ್ಲಿ ಮುಗಿಸುತ್ತಿದ್ದರು, ಈಗ ಯಾರೂ ಸಿಗಲ್ಲ. ಹಾಗಾಗಿ ಮಗ ಬ್ಯಾಟರಿ ಮೇಲೆ ಓಡುವ ಹುಲ್ಲಿನ ಮಷೀನು ತಂದುಕೊಟ್ಟ. ಕತ್ತರಿಸೋದು ನಮ್ಮನೆಯವರ ಕೆಲಸ, ಬ್ಯಾಟರಿ ನೋಡಿಕೊಳ್ಳೋದು ನನ್ನದು. ಯಾಕಂದ್ರೆ ಅವರ ಕೈಯಲ್ಲಿದ್ದ ಮೊದಲನೇ ಬ್ಯಾಟರಿ ಎರಡು ಮಳೆಗಾಲ ದಾಟಲಿಲ್ಲ.

ಅವರು ಮಾಡುತ್ತಿದ್ದದ್ದು ಇಷ್ಟೇ. ಕೆಲಸ ಮುಗೀತು, ಬ್ಯಾಟರಿ ಎಳೆದರು, ಅದೇ ಕೈಯಲ್ಲಿ ಚಾರ್ಜರಿಗೆ ಸಿಕ್ಕಿಸಿ ಸ್ನಾನಕ್ಕೆ ಹೋದರು. 40 ವೋಲ್ಟ್ ಅಂತ ಬರೆದ ಪ್ಯಾಕಿನೊಳಗೆ ಒಂದಕ್ಕೊಂದು ಜೋಡಿಸಿದ 10 ಲಿಥಿಯಂ ಸೆಲ್ ಸಾಲಾಗಿ ಇರುತ್ತವೆ. ಒಂದೊಂದೂ ತುಂಬಿದಾಗ 4.2 ವೋಲ್ಟ್, ಹೀಗಾಗಿ ಹೆಚ್ಚುಕಡಿಮೆ 40. ಒದ್ದೆ ಹುಲ್ಲು, ದಟ್ಟ ಹುಲ್ಲು ಕತ್ತರಿಸುವಾಗ ಇವು ಜಾಸ್ತಿ ಕರೆಂಟ್ ಕೊಟ್ಟು ಕಾದಿರುತ್ತವೆ. ಆ ಕಾವಿನ ಮೇಲೆ ಮತ್ತೆ ಚಾರ್ಜಿಂಗಿನ ಕಾವು ಬಿದ್ದರೆ ಸೆಲ್ಲಿನ ಆಯುಷ್ಯ ಕಮ್ಮಿ ಆಗದೆ ಇನ್ನೇನಾಗುತ್ತೆ? ನಾನು ಪ್ಯಾಕನ್ನು ತೆಗೆದು ಪಡಸಾಲೆಯ ಫರ್ಸಿ ಮೇಲೆ ಇಡುತ್ತೇನೆ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಅಂಗೈಯಿಂದ ಅದರ ತಳ ಮುಟ್ಟಿದರೆ ಫರ್ಸಿಯಷ್ಟೇ ತಣ್ಣಗೆ ಅನಿಸಬೇಕು. ಆಮೇಲೇ ಚಾರ್ಜರು.

ಬೆಳಗಾವಿಯಲ್ಲಿ ಇಷ್ಟು ಸಾಕು. ವಿಜಯಪುರದ ಬಿಸಿಲಿಗೆ ಸಾಕಾಗಲ್ಲ. ನನ್ನ ಮಗಳು ಅಲ್ಲಿರೋದು, ಅವಳ ಮನೆಯಲ್ಲೂ ಇಂಥದೇ ಮಷೀನು. ಒಂದು ಏಪ್ರಿಲ್‌ನಲ್ಲಿ ಫೋನ್ ಮಾಡಿ, "ಅವ್ವಾ, ಚಾರ್ಜರ್ ಕೆಟ್ಟಿದೆ, ಕೆಂಪು ದೀಪ ಮಿಣಿಮಿಣಿ ಅಂತಿದೆ, ಚಾರ್ಜೇ ಆಗ್ತಿಲ್ಲ" ಅಂದಳು. ಬ್ಯಾಟರಿ ಎಲ್ಲಿಟ್ಟಿದ್ದೀಯ ಅಂತ ಕೇಳಿದೆ. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ! ಹೊರಗೆ 41, 42 ಡಿಗ್ರಿ ಇದ್ದರೆ ತಗಡಿನ ಕೆಳಗೆ ಎಷ್ಟಿರುತ್ತೆ ನೀವೇ ಲೆಕ್ಕ ಹಾಕಿ. ಚಾರ್ಜರ್ ಕೆಟ್ಟಿರಲಿಲ್ಲ, ಬ್ಯಾಟರಿ ಕಾದಿದೆ ಅಂತ ಅದೇ ಬೇಡ ಅನ್ನುತ್ತಿತ್ತು. ಸಾಮಾನ್ಯವಾಗಿ ಈ ಬ್ಯಾಟರಿಗಳನ್ನು 5ರಿಂದ 40 ಡಿಗ್ರಿ ಒಳಗೆ ಚಾರ್ಜ್ ಮಾಡಿ ಅಂತ ಜೊತೆಗೆ ಬರುವ ಪುಸ್ತಕದಲ್ಲೇ ಇರುತ್ತದೆ. ಒಳಗೆ ತಂದಿಡು, ಬೆಳಿಗ್ಗೆ ಐದೂವರೆಗೆ ಎದ್ದಾಗ ಹಾಕು ಅಂದೆ. ಅಷ್ಟರಲ್ಲಿ ಅಳಿಯಂದಿರು ಜಾಣತನ ಮಾಡಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಪಕ್ಕ ಇಟ್ಟುಬಿಟ್ಟಿದ್ದರು. ಅದನ್ನಂತೂ ಮಾಡಲೇಬೇಡಿ. ಹೊರಗೆ ತೆಗೆದ ಕೂಡಲೇ ತಣ್ಣನೆಯ ಚೊಂಬಿನ ಹಾಗೆ ಮೈತುಂಬ ಹನಿ ಕೂರುತ್ತದೆ, ಆ ನೀರು ಒಳಗಿನ ಸರ್ಕಿಟ್ಟಿಗೆ ಇಳಿಯುತ್ತದೆ.

ಚಾರ್ಜಿಗೆ ಹಾಕುವ ಜಾಗ ಕಲ್ಲಿನದ್ದೋ ಟೈಲ್ಸಿನದ್ದೋ ಇರಲಿ. ಹಾಸಿಗೆ, ಸೋಫಾ, ಪೇಪರ್ ರಾಶಿ ಇವುಗಳ ಮೇಲೆ ಬೇಡ, ಮನೆಯಿಂದ ಹೊರಗೆ ಓಡುವ ಬಾಗಿಲಿನ ಎದುರಿಗೂ ಬೇಡ. ಒಲೆ ಮೇಲೆ ಹಾಲಿಟ್ಟ ಹಾಗೆ, ಯಾರಾದರೂ ಎಚ್ಚರ ಇದ್ದು ಓಡಾಡುತ್ತಿರುವಾಗ ಹಾಕಿ. ಹಸಿರು ದೀಪ ಬಂದರೆ ತೆಗೆದುಬಿಡಿ.

ಚಾರ್ಜರು ಆ ಬ್ಯಾಟರಿಯ ಜೊತೆ ಬಂದದ್ದೇ ಆಗಬೇಕು. ಪಿನ್ನು ಕೂರುತ್ತೆ ಅಂತ ಬೇರೆಯದು ಹಾಕಬಾರದು. ನಮ್ಮ ಮೈದುನನ ಮಗ ಅಮೆರಿಕದಿಂದ ಬರುವಾಗ ಒಂದು ಚಾರ್ಜರ್ ತಂದಿದ್ದ. ಹಿಂದೆ ಸಣ್ಣಕ್ಷರದಲ್ಲಿ 120 ವೋಲ್ಟ್ ಅಂತ ಇತ್ತು. ನಮ್ಮಲ್ಲಿ 230. ಸ್ವಿಚ್ ಒತ್ತಿದ್ದೇ ತಡ, ಟಪ್ ಅಂತು, ಸುಟ್ಟ ವಾಸನೆ ಬಂತು. ಪುಣ್ಯಕ್ಕೆ ಬ್ಯಾಟರಿ ಸಿಕ್ಕಿಸಿರಲಿಲ್ಲ. 100ರಿಂದ 240 ಅಂತ ಬರೆದಿದ್ದರೆ ಮಾತ್ರ ಇಲ್ಲಿ ನಡೆಯುತ್ತದೆ.

ಮಷೀನಿಗೆ ಹುಲ್ಲು ಸುತ್ತಿಕೊಂಡರೆ ಬ್ಲೇಡಿಗೆ ಕೈ ಹಾಕುವ ಮೊದಲು ಬ್ಯಾಟರಿ ಹೊರಗೆ ತೆಗೆಯಿರಿ. ಸ್ವಿಚ್ ಆಫ್ ಮಾಡಿದ್ದೀನಲ್ಲ ಅನ್ನಬೇಡಿ. ಬ್ಯಾಟರಿ ಕೂರುವ ಗೂಡಿನಲ್ಲಿ ಹಸಿ ಹುಲ್ಲಿನ ಪುಡಿ ಅಂಟಿರುತ್ತದೆ, ಹಳೇ ಟೂತ್‌ಬ್ರಶ್ ಒಣದ್ದು ತಗೊಂಡು ಉಜ್ಜಿದರೆ ಸಾಕು, ಪೈಪ್ ಹಿಡಿದು ನೀರು ಹೊಡೆಯಬಾರದು. ತೆಗೆದ ಪ್ಯಾಕನ್ನು ಮೊಳೆ, ಸ್ಕ್ರೂ, ಕೀಲಿಕೈ ಇರುವ ಡಬ್ಬಿಗೆ ಹಾಕಬೇಡಿ. ನಾನೇ ಒಮ್ಮೆ ಸಾಮಾನಿನ ಚೀಲಕ್ಕೆ ಹಾಕಿದ್ದೆ, ಒಳಗಿದ್ದ ಮೊಳೆಯೊಂದು ಬ್ಯಾಟರಿಯ ಎರಡು ತಗಡಿನ ತುದಿಗಳ ನಡುವೆ ತಾಗಿ ಚೀಲದ ಬಟ್ಟೆ ರೊಟ್ಟಿ ಸೀದ ಹಾಗೆ ಕಂದಾಗಿತ್ತು. ಆ ತುದಿಗಳ ಪ್ಲಾಸ್ಟಿಕ್ ಮುಚ್ಚಳ ಕಳೀಬೇಡಿ.

ದೀಪಾವಳಿ ಕಳೆದ ಮೇಲೆ ಹುಲ್ಲು ಬೆಳೆಯೋದು ನಿಲ್ಲುತ್ತದೆ, ಮಷೀನು ಮೂಲೆ ಸೇರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ, ಯಾಕಂದ್ರೆ ನಮಗೆಲ್ಲ ಇನ್ವರ್ಟರ್ ಬ್ಯಾಟರಿಯ ಅಭ್ಯಾಸ. ಅದು ಸೀಸದ್ದು, ಯಾವಾಗಲೂ ತುಂಬಿರಬೇಕು. ಲಿಥಿಯಂ ಹಾಗಲ್ಲ. ಪ್ಯಾಕಿನ ಮೇಲಿನ ನಾಲ್ಕು ದೀಪದಲ್ಲಿ ಎರಡು ಉರಿಯುವಷ್ಟು, ಅಂದರೆ ಅರ್ಧ ಚಾರ್ಜ್ ಇಟ್ಟು, ಮಷೀನಿನಿಂದ ತೆಗೆದು, ಮನೆಯೊಳಗೆ ತಂಪಾದ ಒಣ ಜಾಗದಲ್ಲಿಡಿ. ಸಂಕ್ರಾಂತಿಗೆ ಒಮ್ಮೆ, ಯುಗಾದಿಗೆ ಒಮ್ಮೆ ಗುಂಡಿ ಒತ್ತಿ ನೋಡಿ, ಒಂದೇ ದೀಪ ಇದ್ದರೆ ಸ್ವಲ್ಪ ತುಂಬಿಸಿ. ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡಬೇಕು ಅನ್ನೋದು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಇದನ್ನು ಖಾಲಿ ಬಿಟ್ಟರೆ ಸೆಲ್ ಒಳಗೇ ಹಾಳಾಗಿ ಚಾರ್ಜರ್ ಅದನ್ನು ಒಪ್ಪುವುದೇ ಇಲ್ಲ. ಆಗ ವೈರ್ ಹಚ್ಚಿ ಎಬ್ಬಿಸಿಕೊಡ್ತೀನಿ ಅನ್ನುವವರು ಸಿಗುತ್ತಾರೆ, ಅವರಿಗೆ ಕೊಡಬೇಡಿ. ಬೆಂಕಿ ಹತ್ತೋದು ಹೀಗೇ.

ಪ್ಯಾಕು ಉಬ್ಬಿದರೆ, ಜೋಡಣೆಯ ಗೆರೆ ಬಿಟ್ಟುಕೊಂಡರೆ, ನೇಲ್ ಪಾಲಿಶ್‌ನಂಥ ಸಿಹಿ ಘಾಟು ಬಂದರೆ ಅದರ ಕಥೆ ಮುಗೀತು. ಬಿಚ್ಚಬೇಡಿ, ಚುಚ್ಚಬೇಡಿ. ಗೋಡೆಯಿಂದ ದೂರ, ನೆರಳಲ್ಲಿ, ಮರಳು ತುಂಬಿದ ಬಕೆಟ್ಟಿನಲ್ಲಿಡಿ. ಹೊಗೆ ಶುರುವಾದರೆ ಅದನ್ನು ಎತ್ತಲು ಹೋಗದೆ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ.

ಇನ್ನು ಹಳೇ ಬ್ಯಾಟರಿ. ಗುಜರಿಯವನಿಗೆ, ನಮ್ಮ ಕಡೆ ಭಂಗಾರದವನು ಅಂತೀವಲ್ಲ, ಅವನಿಗೆ ಕೊಟ್ಟರೆ ತೂಕದ ಮೇಲೆ ನಾಲ್ಕು ಕಾಸು ಕೊಟ್ಟಾನು, ಆದರೆ ತಾಮ್ರದ ಆಸೆಗೆ ಸುತ್ತಿಗೆಯಿಂದ ಒಡೆದ ಅಂದ್ರೆ ಅವನ ಕೈ ಮುಖ ಸುಟ್ಟೀತು. ಕಸದ ಗಾಡಿಗೂ ಬೇಡ, ಅದರಲ್ಲಿ ಕಸ ಅದುಮುವಾಗ ಸೆಲ್ ಜಜ್ಜಿದರೆ ಗಾಡಿಗೇ ಬೆಂಕಿ. ಪ್ಯಾಕಿನ ಮೇಲೆ ಕಸದ ಡಬ್ಬಿಗೆ ಕಾಟು ಹಾಕಿದ ಚಿತ್ರ ಇರೋದು ಇದಕ್ಕೇ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ, ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಅದನ್ನು ಮಾರುಕಟ್ಟೆಗೆ ತಂದ ಕಂಪನಿಯದು, ಬೇರೆ ಕಸದ ಜೊತೆ ಬೆರೆಸದೆ ಕೊಡೋದು ನಮ್ಮ ಕೆಲಸ. ಅದರೊಳಗಿನ ಲಿಥಿಯಂ, ನಿಕಲ್, ಕೋಬಾಲ್ಟ್, ತಾಮ್ರ ಮತ್ತೆ ಹೊರಬರುತ್ತವೆ.

ನಾನು ಮೊದಲನೇ ಬ್ಯಾಟರಿಯನ್ನು ಮಷೀನು ನಿಲ್ಲುವವರೆಗೆ ಓಡಿಸಿ, ಚಾರ್ಜ್ ಕರಗಿಸಿ, ತಗಡಿನ ತುದಿಗಳಿಗೆ ವೈರಿಂಗ್ ಟೇಪ್ ಸುತ್ತಿ, ಕೊಂಡ ಅಂಗಡಿಗೇ ಒಯ್ದೆ. ಕೌಂಟರಿನ ಹುಡುಗ "ಇದನ್ನು ತಗೊಳ್ಳಲ್ಲ, ಅಜ್ಜಿ" ಅಂದ. ಡಬ್ಬಿ ಮೇಲಿದ್ದ ಕಂಪನಿ ನಂಬರಿಗೆ ಅಲ್ಲೇ ನಿಂತು ಫೋನ್ ಹಚ್ಚಿ, ಫೋನನ್ನು ಅವನ ಕೈಗೆ ಕೊಟ್ಟೆ. ಎರಡು ನಿಮಿಷಕ್ಕೆ ತಗೊಂಡ. ನೀವು ಹೋಗೋದಾದರೆ ಮೇ ತಿಂಗಳಲ್ಲೇ ಹೋಗಿ, ಮಿರಗ ಶುರುವಾದ ಮೇಲೆ ಹೊಸ ಪ್ಯಾಕಿಗೆ ವಾರಗಟ್ಟಲೆ ಕಾಯಿಸುತ್ತಾರೆ.