‘ನನಗೆ ಇಷ್ಟ’ದಿಂದ ಶುರುವಾದ ನನ್ನ ಸ್ಪ್ಯಾನಿಷ್

ಸ್ಪೇನ್‌ನ ವಲೆನ್ಸಿಯಾದ ಸಂಜೆ ತರಗತಿಯಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಇಂಗ್ಲೆಂಡ್, ಐರ್ಲೆಂಡ್ ಕಡೆಯವರು. ಪುಸ್ತಕದ ವಿವರಣೆಗಳೂ ಇಂಗ್ಲಿಷ್‌ನಲ್ಲೇ. ಹಾಗಾಗಿ ನಾನೂ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಸ್ಪ್ಯಾನಿಷ್‌ಗೆ ತಿರುಗಿಸುತ್ತಿದ್ದೆ. ಕಿತ್ತಳೆ ಇಷ್ಟ ಎನ್ನಲು ‘ಯೊ ಗುಸ್ತೊ ಲಾಸ್ ನರಾಂಹಾಸ್’ ಎಂದು ಬರೆದೆ. ಶಿಕ್ಷಕಿ ಅದನ್ನು ಹೊಡೆದುಹಾಕಿ ‘ಮೆ ಗುಸ್ತಾನ್ ಲಾಸ್ ನರಾಂಹಾಸ್’ ಎಂದು ತಿದ್ದಿದರು.

‘ಯೊ’ ಎಂದರೆ ನಾನು, ‘ಮೆ’ ಎಂದರೆ ನನಗೆ. ಸಹಪಾಠಿಗಳು ‘ಕಿತ್ತಳೆಗಳು ನನ್ನನ್ನು ಮೆಚ್ಚಿಸುತ್ತವೆ’ ಎಂಬ ಸುತ್ತುದಾರಿಯಲ್ಲಿ ಅದನ್ನು ಅರ್ಥ ಮಾಡಿಕೊಳ್ಳುತ್ತಿದ್ದರೆ, ನನಗೆ ಮನೆಯ ಮಾತೇ ಕೇಳಿಸಿತು: ನನಗೆ ಕಿತ್ತಳೆ ಹಣ್ಣುಗಳು ಇಷ್ಟವಾಗುತ್ತವೆ. ಕ್ರಿಯಾಪದ ಹಣ್ಣುಗಳ ಜೊತೆ ಹೋಗುತ್ತದೆ, ನನ್ನ ಜೊತೆಯಲ್ಲ. ಹಣ್ಣು ಒಂದಾದರೆ ‘ಗುಸ್ತಾ’, ಹಲವಾದರೆ ‘ಗುಸ್ತಾನ್’. ಅಂದಿನಿಂದ ಇಂಗ್ಲಿಷ್ ವಾಕ್ಯ ಕಟ್ಟುವುದನ್ನು ಬಿಟ್ಟು, ಪ್ರತಿ ಪಾಠಕ್ಕೂ ಮೊದಲು ಕನ್ನಡದಲ್ಲಿ ಹೇಗೆ ಹೇಳುತ್ತೇನೆಂದು ಬರೆದುಕೊಳ್ಳತೊಡಗಿದೆ.

ಅದರಿಂದ ಎಷ್ಟೋ ಗಂಟುಗಳು ಸಡಿಲವಾದವು. ತಲೆ ನೋಯುತ್ತಿದ್ದರೆ ‘ಮೆ ದುಯೇಲೆ ಲಾ ಕಬೇಸಾ’. ನನಗೆ ತಲೆ ನೋಯುತ್ತಿದೆ. ‘ಸೆ ಮೆ ಒಲ್ವಿದೊ’ ಎಂದರೆ ನನಗೆ ಮರೆತುಹೋಯಿತು. ಮರೆವು ನಾನು ಮಾಡಿದ ಕೆಲಸವಲ್ಲ, ನನಗೆ ಆದದ್ದು. ಅಮ್ಮನಿಗೆ ಕಾಫಿ ಇಷ್ಟ ಎನ್ನುವಾಗ ಮಾತ್ರ ಒಂದು ಪದ ಹೆಚ್ಚು ಬೇಕು: ‘ಆ ಮಿ ಮಾದ್ರೆ ಲೆ ಗುಸ್ತಾ ಎಲ್ ಕಫೆ’. ‘ಅಮ್ಮನಿಗೆ’ ಎಂದಮೇಲೂ ‘ಅವಳಿಗೆ’ ಎಂಬರ್ಥದ ‘ಲೆ’ ಉಳಿಯಬೇಕು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಆ ಪುಟ್ಟ ‘ಆ’. ಸಮುದ್ರ ಕಾಣುತ್ತಿದ್ದರೆ ‘ಬೇಒ ಎಲ್ ಮಾರ್’, ತಂಗಿ ಕಾಣುತ್ತಿದ್ದರೆ ‘ಬೇಒ ಆ ಮಿ ಎರ್ಮಾನಾ’. ಮನುಷ್ಯರು ಕರ್ಮವಾದಾಗ ‘ಆ’ ಏಕೆ ಎಂದು ತರಗತಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ‘ಸಮುದ್ರ ನೋಡಿದೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ, ಆದರೆ ‘ತಂಗಿ ನೋಡಿದೆ’ ಎಂದರೆ ನೋಡಿದವಳು ತಂಗಿಯೇ ಆಗಿಬಿಡುತ್ತಾಳೆ, ‘ತಂಗಿಯನ್ನು’ ಎನ್ನಲೇಬೇಕು. ಎರಡು ಭಾಷೆಗಳಿಗೆ ಯಾವ ನಂಟೂ ಇಲ್ಲ, ಆದರೂ ಮನುಷ್ಯರ ವಿಷಯದಲ್ಲಿ ಎರಡೂ ಒಂದೇ ಎಚ್ಚರ ವಹಿಸುತ್ತವೆ.

ಕನ್ನಡ ದಾರಿ ತಪ್ಪಿಸಿದ್ದೂ ಉಂಟು. ‘ನನಗೆ ಹಸಿವು’ ಎಂಬುದಕ್ಕೆ ‘ಮೆ’ ಹಾಕಿ ಎಡವಿದೆ. ಅಲ್ಲಿ ‘ತೆಂಗೊ ಆಂಬ್ರೆ’, ಅಂದರೆ ನನ್ನಲ್ಲಿ ಹಸಿವಿದೆ ಎಂಬಂತೆ. ‘ಆಗಿರು, ಇರು’ ಎಂಬರ್ಥದ ಎರಡು ಕ್ರಿಯಾಪದಗಳಾದ ‘ಸೆರ್’ ಮತ್ತು ‘ಎಸ್ತಾರ್’ ವಿಷಯದಲ್ಲಿ ಅರ್ಧ ದಾರಿಗಷ್ಟೇ ನೆರವು ಸಿಕ್ಕಿತು: ‘ಅವಳು ವೈದ್ಯೆ’ ಎಂಬಲ್ಲಿ ‘ಸೆರ್’, ‘ಮನೆಯಲ್ಲಿದ್ದಾಳೆ’ ಎಂಬಲ್ಲಿ ‘ಎಸ್ತಾರ್’. ಮದುವೆ ಎಲ್ಲಿ ಎನ್ನುವಾಗ ಮತ್ತೆ ‘ಸೆರ್’. ‘ನಡೆಯುತ್ತದೆ’ ಎಂದು ಸೇರಿಸಲು ಬಂದರೆ ‘ಸೆರ್’ ಎಂದು ಗುರುತು ಮಾಡಿಕೊಂಡೆ.

‘ಬಂದಾಗ’, ‘ಹೋದಾಗ’ ಎಂಬಲ್ಲಿನ ‘ಆಗ’ಕ್ಕೆ ಸಮನಾದ ‘ಕ್ವಾಂದೊ’ ಎದುರಾದಾಗ ಇಂಗ್ಲಿಷ್‌ನಂತೆ ಕನ್ನಡವೂ ಕೈಕೊಟ್ಟಿತು. ಅವನು ಬಂದಾಗಲೆಲ್ಲ ನಡೆಯುವ ಮಾತಾದರೆ ‘ಬಿಯೇನೆ’, ಇನ್ನು ಬರಬೇಕಿದ್ದರೆ ‘ಬೇಂಗಾ’. ಪ್ರತಿ ವಾಕ್ಯದ ಪಕ್ಕದಲ್ಲೂ ‘ಆಗುತ್ತಿರುತ್ತದೆಯೋ, ಇನ್ನೂ ಆಗಬೇಕೋ’ ಎಂದು ಪೆನ್ಸಿಲ್‌ನಲ್ಲಿ ಬರೆದು, ನಾಲ್ಕು ತಿಂಗಳು ಬಿಡದೆ ಅಭ್ಯಾಸ ಮಾಡಿದೆ. ಒಂದು ರಾತ್ರಿ ಬಸ್ ಹತ್ತುವ ಗಡಿಬಿಡಿಯಲ್ಲಿ ಗೆಳತಿಗೆ ‘ಕ್ವಾಂದೊ ಯೇಗೆ ಆ ಕಾಸಾ, ತೆ ಯಾಮೊ’ ಎಂದೆ: ಮನೆ ತಲುಪಿದಾಗ ಕರೆ ಮಾಡುತ್ತೇನೆ. ‘ಇನ್ನೂ ಆಗಬೇಕು’ ಎಂಬುದರ ರೂಪವಾದ ‘ಯೇಗೆ’ ತಾನಾಗಿ ಬಂದಿತ್ತು. ಸೀಟಿನಲ್ಲಿ ಕುಳಿತ ಮೇಲೆ ಅದು ಗಮನಕ್ಕೆ ಬಂತು.