ಅಲುಗಿದರೆ ಕೈಕೊಡುವ ಗ್ರಾಫಿಕ್ಸ್ ಕಾರ್ಡ್: ಪರೀಕ್ಷಿಸುವ ಕ್ರಮ

ಕ್ಯಾಬಿನೆಟ್‌ಗೆ ಕಾಲು ತಗುಲಿದ ಕೂಡಲೇ ಪರದೆ ಕಪ್ಪಾಗುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ (ಪರದೆಗೆ ಚಿತ್ರ ಒದಗಿಸುವ ಭಾಗ) ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತ ಸಮಯ ಕಳೆಯಬೇಡಿ. ಇಂತಹ ದೋಷ ಬಹುಮಟ್ಟಿಗೆ ಎಲ್ಲೋ ಒಂದು ಸಂಪರ್ಕ ಸಡಿಲವಾಗಿರುವುದರಿಂದಲೇ ಬರುತ್ತದೆ. ಮೊದಲು ಮಾನಿಟರಿನ ಕೇಬಲ್ ಎರಡೂ ತುದಿಗಳಲ್ಲಿ ಬಿಗಿಯಾಗಿದೆಯೇ ಎಂದು ನೋಡಿ. ಕಾರಣ ಅದಲ್ಲವಾದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಪವರ್ ಕೇಬಲನ್ನು ತೆಗೆದು, ಉಳಿದ ವಿದ್ಯುತ್ ಹರಿದುಹೋಗಲು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆರೆಯಿರಿ.

ಇಂದಿನ ಕಾರ್ಡುಗಳಲ್ಲಿ ಹಲವು ಒಂದು ಕಿಲೋಗ್ರಾಂಗಿಂತ ಹೆಚ್ಚು ತೂಗುವುದರಿಂದ, ಹಿಂಬದಿಯ ಸ್ಕ್ರೂ ಸಡಿಲವಾಗಿದ್ದರೆ ಅವುಗಳ ಮುಂತುದಿ ಕೆಳಕ್ಕೆ ಜೋತು, ಮದರ್‌ಬೋರ್ಡಿನಲ್ಲಿ (ಕಂಪ್ಯೂಟರಿನ ಮುಖ್ಯ ಸರ್ಕಿಟ್ ಹಲಗೆ) ಕಾರ್ಡ್ ಕೂರುವ ಸ್ಲಾಟಿನೊಳಗಿನ ಚಿನ್ನದ ಬಣ್ಣದ ಪಟ್ಟಿಗಳು ಒಂದು ಬದಿಯಲ್ಲಿ ತುಸು ಮೇಲೇಳುತ್ತವೆ. ಸ್ಕ್ರೂ ಹಾಗೂ ಕಾರ್ಡಿಗೆ ಸಿಕ್ಕಿಸಿದ ಕೇಬಲುಗಳನ್ನು ಬಿಚ್ಚಿ, ಸ್ಲಾಟಿನ ಕೊನೆಯಲ್ಲಿರುವ ಲಾಚನ್ನು (ಕಾರ್ಡನ್ನು ಹಿಡಿದಿಡುವ ಕೊಂಡಿ) ಒತ್ತಿ ಕಾರ್ಡನ್ನು ಹೊರತೆಗೆದು, ಆ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನಾರುಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಲಾಚ್ 'ಕ್ಲಿಕ್' ಎನ್ನುವವರೆಗೆ ಕೂರಿಸಿ ಸ್ಕ್ರೂ ಬಿಗಿಗೊಳಿಸಿ. ಸ್ಲಾಟ್ ಕೊಡುವುದು ಗರಿಷ್ಠ 75 ವ್ಯಾಟ್ ಮಾತ್ರ. ಮಿಕ್ಕದ್ದು ಪವರ್ ಸಪ್ಲೈಯಿಂದ ಬರುವ 6, 8 ಅಥವಾ (ಹೊಸ ಕಾರ್ಡುಗಳಲ್ಲಿ) 16 ಪಿನ್ನಿನ ಕೇಬಲಿನಿಂದ ಬರಬೇಕಾದ್ದರಿಂದ ಅದನ್ನೂ ಬಿಗಿಯಾಗಿ ಮತ್ತೆ ಸಿಕ್ಕಿಸಿ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಕರಗಿದ್ದರೆ ಕಂಪ್ಯೂಟರನ್ನು ಆನ್ ಮಾಡದೆ ದುರಸ್ತಿಯವರಿಗೆ ತೋರಿಸಿ.

ಜೋತುಬೀಳುವುದೇ ಕಾರಣವೆಂಬ ಅನುಮಾನ ಉಳಿದರೆ, ಮದರ್‌ಬೋರ್ಡ್ ಅಡಿಯಲ್ಲಿದ್ದು ಕಾರ್ಡ್ ನೆಟ್ಟಗೆ ನಿಲ್ಲುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ಬಳಸಿ ನೋಡಿ. ತೊಂದರೆ ನಿಂತರೆ ಕಾರ್ಡಿನ ಕೆಳಗೆ ಒಂದು ಆಧಾರ ಕೊಟ್ಟರೆ ಸಾಕು. ಚಾಲನೆಯಲ್ಲಿರುವಾಗ ಕ್ಯಾಬಿನೆಟ್ಟನ್ನು ತಟ್ಟಿ ಪರೀಕ್ಷಿಸುವುದು ಬೇಡ, ಏಕೆಂದರೆ ಹಾರ್ಡ್ ಡಿಸ್ಕ್ ಇದ್ದರೆ ಅದಕ್ಕೆ ಪೆಟ್ಟಾಗಬಹುದು. ಬೇರೊಂದು ಕಂಪ್ಯೂಟರಿನಲ್ಲಿಯೂ ಕಾರ್ಡ್ ಹೀಗೆಯೇ ನಡೆದುಕೊಂಡರೆ ಅದರೊಳಗಿನ ಬೆಸುಗೆ ಬಿರುಕುಬಿಟ್ಟಿರುವ ಸಾಧ್ಯತೆ ಇದೆ. ವಾರಂಟಿ ಇದ್ದಲ್ಲಿ ಕೂಡಲೇ ಬಳಸಿಕೊಳ್ಳಿ.