ಜಗಳ ಹಚ್ಚುವ ಸರಣಿಗಳ ಮೇಲೆ ಪಾಡ್‌ಕಾಸ್ಟ್: ಬೆಳಗಾವಿಯಲ್ಲಿ ನಾವು ಮಾಡುವ ಬಗೆ

ನಮ್ಮ ಕನ್ನಡ ಪಾಡ್‌ಕಾಸ್ಟಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು ನೋಡಿದವರನ್ನು ಎರಡು ಪಕ್ಷ ಮಾಡುವಂಥ ಸಾಕ್ಷ್ಯಚಿತ್ರ ಮತ್ತು ವೆಬ್ ಸರಣಿಗಳನ್ನು. ಇವುಗಳ ತೊಂದರೆ ಏನೆಂದರೆ, ಮಾತು ಶುರುವಾದ ಐದು ನಿಮಿಷಕ್ಕೆ ಸರಣಿ ಮರೆತುಹೋಗಿ ಅದು ಎತ್ತಿದ ವಿಷಯದ ಮೇಲೆ ಜಗಳ ಹತ್ತುತ್ತದೆ. ಆ ಜಗಳ ಟಿವಿಯಲ್ಲಿ ದಿನಾ ರಾತ್ರಿ ಪುಕ್ಕಟೆ ಸಿಗುತ್ತದೆ. ಅದನ್ನೇ ಕೇಳಲು ಯಾರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ತಾಸು ಕೂಡುವುದಿಲ್ಲ. ಹಾಗಾಗಿ ಪರದೆಯ ಮೇಲೆ ಏನಿತ್ತು, ನಿಜದಲ್ಲಿ ಏನಾಗಿತ್ತು, ನಮಗೆ ಏನನ್ನಿಸಿತು ಎಂಬ ಮೂರು ಒಂದರೊಳಗೊಂದು ಕಲೆಯದಂತೆ ನೋಡಿಕೊಳ್ಳುವುದೇ ನಮ್ಮ ತಯಾರಿಯ ಬಹುಪಾಲು.

ಮೊದಲ ಸಲ ಬರೀ ನೋಡುವುದು. ಎರಡನೇ ಸಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಂಡು ಕೂಡುತ್ತೇವೆ: ಕಂತಿನ ಸಂಖ್ಯೆ ಮತ್ತು ನಿಮಿಷ-ಸೆಕೆಂಡು, ಕಂಡದ್ದು-ಕೇಳಿದ್ದು, ಇದು ಯಾರ ಮಾತು. ಸಾಕ್ಷ್ಯಚಿತ್ರವಾದರೆ ಮೂರನೇ ಕಾಲಮ್ಮಿಗೇ ಬೆಲೆ ಹೆಚ್ಚು. ಸಂದರ್ಶನವೇ, ಹಳೆಯ ದೃಶ್ಯವೇ, ನಟರನ್ನಿಟ್ಟು ಮರುಸೃಷ್ಟಿಸಿದ್ದೇ, ಪರದೆಯ ಮೇಲಿನ ಅಕ್ಷರವೇ ಎಂದು ಅಲ್ಲೇ ಬರೆಯದಿದ್ದರೆ ವಾರ ಕಳೆಯುವಷ್ಟರಲ್ಲಿ ಎಲ್ಲ ಒಂದಾಗುತ್ತದೆ. ಮರುಸೃಷ್ಟಿಯ ದೃಶ್ಯಗಳಂತೂ ಬಹಳ ಮೋಸ. ಒಂದು ಕೈ, ಅರೆ ತೆರೆದ ಬಾಗಿಲು, ಮಬ್ಬು ಬೆಳಕು ನೋಡಿದವರು ಆಮೇಲೆ ‘ವಿಡಿಯೋದಾಗ ಕಾಣ್ತದಲ್ಲ’ ಎಂದು ಪುರಾವೆಯಂತೆ ಮಾತಾಡುತ್ತಾರೆ. ಸಿಟ್ಟು ಬರಿಸಿದ ದೃಶ್ಯವನ್ನು ಮೂರನೇ ಸಲ ಧ್ವನಿ ಬಂದ್ ಮಾಡಿ ನೋಡಬೇಕು. ಸಂಗೀತ ತೆಗೆದ ಮೇಲೂ ಸಿಟ್ಟು ಉಳಿದರೆ ಅದು ದೃಶ್ಯದ್ದು, ಇಲ್ಲದಿದ್ದರೆ ವಾದ್ಯದ್ದು. ಹಿಂದಿ ಡಬ್ಬಿಂಗ್ ನೋಡಿ ಚರ್ಚೆಗೆ ಬರಬಾರದು. ಬೈಗುಳದ ತೂಕ, ಪೊಲೀಸಿನವನ ದನಿಯ ಗತ್ತು ಡಬ್ಬಿಂಗಿನಲ್ಲಿ ಬದಲಾಗುತ್ತವೆ. ಮೂಲ ಧ್ವನಿ, ಕೆಳಗೆ ಸಬ್‌ಟೈಟಲ್, ಅಷ್ಟೇ.

ಹೊಸದಾಗಿ ಸೇರುವವರಿಗೆ ನಾವು ಮೊದಲು ಕೊಡುವ ಉದಾಹರಣೆ 2015ರ ಎಚ್‌ಬಿಒ ಸಾಕ್ಷ್ಯಸರಣಿ ‘ದಿ ಜಿಂಕ್ಸ್’. ಕೊಲೆಯ ಶಂಕೆ ಹೊತ್ತ ರಾಬರ್ಟ್ ಡರ್ಸ್ಟ್ ಎಂಬ ಅಮೆರಿಕದ ಶ್ರೀಮಂತ ಬಚ್ಚಲಿಗೆ ಹೋದಾಗಲೂ ಅಂಗಿಗೆ ಹಚ್ಚಿದ ಮೈಕ್ ಚಾಲೂ ಇತ್ತು. ಅಲ್ಲಿ ಅವನು ತನ್ನಷ್ಟಕ್ಕೆ ಗೊಣಗಿದ್ದು ಕೊನೆಯ ಕಂತಿನಲ್ಲಿ ನೇರ ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು. ಅದು ಪ್ರಸಾರವಾಗುವ ಹಿಂದಿನ ದಿನವಷ್ಟೇ ಅವನ ಬಂಧನವಾಗಿತ್ತು. ಆದರೆ 2019ರಲ್ಲಿ ನ್ಯಾಯಾಲಯದ ದಾಖಲೆಯಲ್ಲಿ ಆ ಮಾತಿನ ಪೂರ್ತಿ ಲಿಖಿತ ರೂಪ ಹೊರಬಂದಾಗ, ಸರಣಿಯಲ್ಲಿ ಪ್ರಶ್ನೆ-ಉತ್ತರದಂತೆ ಬೆನ್ನಿಗೆ ಬೆನ್ನು ಬಂದ ಎರಡು ವಾಕ್ಯಗಳು ಮೂಲದಲ್ಲಿ ಹಾಗೆ ಇರಲಿಲ್ಲವೆಂದು, ಎಡಿಟಿಂಗಿನಲ್ಲಿ ಜಾಗ ಬದಲಾಗಿದ್ದವೆಂದು ತಿಳಿಯಿತು. 2021ರಲ್ಲಿ ಬೇರೆ ಸಾಕ್ಷ್ಯಗಳೂ ಸೇರಿ ಅವನಿಗೆ ಕೊಲೆಯ ಅಪರಾಧ ಸಾಬೀತಾಯಿತು ಎಂಬುದು ಬೇರೆ ಮಾತು. ‘ಅವನು ಕೊಂದದ್ದು ಖರೆ’ ಎಂಬುದೂ ‘ಆ ಕತ್ತರಿ ಸರಿಯಲ್ಲ’ ಎಂಬುದೂ ಒಟ್ಟಿಗೆ ನಿಲ್ಲುತ್ತವೆ. ಚರ್ಚೆಯಲ್ಲಿ ಎರಡನ್ನೂ ಹೇಳಲು ಜಾಗ ಬೇಕು.

ಕತ್ತರಿಯೇ ಇಲ್ಲದ ಕಡೆ ಬೇರೆ ಪ್ರಶ್ನೆ. 2025ರ ‘ಅಡಾಲೆಸೆನ್ಸ್’ ನಾಲ್ಕು ಕಂತಿನದು, ಪ್ರತಿ ಕಂತೂ ಒಂದೇ ಶಾಟ್. ಸಹಪಾಠಿ ಹುಡುಗಿಯನ್ನು ಕೊಂದ ಆರೋಪದ ಮೇಲೆ ಹದಿಮೂರರ ಹುಡುಗನ ಬಂಧನವಾಗುವುದರಿಂದ ಶುರುವಾಗುತ್ತದೆ. ಇಲ್ಲಿ ಎಲ್ಲಿ ಕತ್ತರಿಸಿದರು ಎಂದು ಹುಡುಕುವ ಬದಲು ಕ್ಯಾಮೆರಾ ಯಾರ ಮನೆಗೆ ಹೋಗಲಿಲ್ಲ ಎಂದು ಕೇಳಬೇಕು. ಸತ್ತ ಹುಡುಗಿಯ ಮನೆಯವರು ಇಲ್ಲಿ ಕಾಣುವುದಿಲ್ಲ. ಅದು ಕೊರತೆಯೋ ಆಯ್ಕೆಯೋ ಎಂಬ ಒಂದು ಪ್ರಶ್ನೆಗೇ ಅರ್ಧ ತಾಸು ಮಾತು ಸಿಗುತ್ತದೆ. ಫೋನ್ ಹಿಡಿದ ಮಕ್ಕಳ ಬಗ್ಗೆ ಉಪದೇಶ ಬೇಕಾಗುವುದಿಲ್ಲ.

ನಿಜಘಟನೆಯ ನಾಟಕೀಯ ಸರಣಿಯಾದರೆ ದಾಖಲೆ ಪಕ್ಕಕ್ಕಿಟ್ಟುಕೊಂಡು ಕೂಡಬೇಕು. 2024ರಲ್ಲಿ, 1999ರ ಕಂದಹಾರ್ ವಿಮಾನ ಅಪಹರಣದ ‘ಐಸಿ 814’ ಬಂದಾಗ ಅಪಹರಣಕಾರರಿಗೆ ಭೋಲಾ, ಶಂಕರ್ ಎಂಬ ಹಿಂದೂ ಹೆಸರಿಟ್ಟಿದ್ದಾರೆಂದು ಗದ್ದಲವಾಯಿತು. ಅವು ಅಪಹರಣಕಾರರೇ ಬಳಸಿದ ಗುಪ್ತನಾಮಗಳೆಂದು ಗೃಹ ಸಚಿವಾಲಯದ 2000ದ ಜನವರಿಯ ಹೇಳಿಕೆಯಲ್ಲೇ ಇದೆ. ಆಮೇಲೆ ನೆಟ್‌ಫ್ಲಿಕ್ಸ್ ಆರಂಭದ ಸೂಚನೆಯಲ್ಲಿ ನಿಜ ಹೆಸರುಗಳನ್ನೂ ಸೇರಿಸಿತು. ಹೀಗಾಗಿ ನೀವು ನೋಡಿದ ತಾರೀಖನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಬದಲಾದ ಪ್ರತಿಯನ್ನು ನೋಡಿದ ಕೇಳುಗ ನಿಮ್ಮನ್ನು ಸುಳ್ಳ ಅನ್ನಬಾರದು.

ಮೇಜಿನ ಸುತ್ತ ಮೂವರು ಸಾಕು. ನಾಲ್ಕನೆಯವರು ಬಂದರೆ ದನಿ ಗುರುತು ಸಿಗುವುದಿಲ್ಲ. ನಡೆಸಿಕೊಡುವವರ ಕೈಯಲ್ಲಿ ಒಂದೇ ಆಯುಧ: ‘ಸರ್ರ, ಹಂಗ ತೋರಿಸ್ಯಾರೋ, ನೀವು ಹಂಗ ತಿಳಕೊಂಡೀರೋ?’ ಇದನ್ನು ನಗುತ್ತಾ ಕೇಳಬೇಕು. ಅತಿಥಿ ನಿಮಿಷ-ಸೆಕೆಂಡು ಹೇಳಿದರೆ ಮಾತು ಮುಂದಕ್ಕೆ, ಇಲ್ಲದಿದ್ದರೆ ಅದು ಅವರ ಅಭಿಪ್ರಾಯ ಎಂದು ಅಲ್ಲೇ ಗುರುತಾಗುತ್ತದೆ. ಬೆಳಗಾವಿಯಲ್ಲಿ ಸಿಟ್ಟು ಏರಿದೊಡನೆ ಮಾತು ಮರಾಠಿಗೋ ಹಿಂದಿಗೋ ಹೊರಳುತ್ತದೆ. ತಡೆಯಬೇಡಿ. ಅವರು ಮುಗಿಸಿದ ಮೇಲೆ ಎರಡು ವಾಕ್ಯದಲ್ಲಿ ಕನ್ನಡಕ್ಕೆ ತಂದು ‘ಬರೋಬ್ಬರಿ ಹೇಳಿದೆನೇನ್ರಿ?’ ಎಂದು ಕೇಳಿ ಒಪ್ಪಿಗೆ ಪಡೆಯಿರಿ.

ಕಾನೂನಿನ ಮಾತು. ಕೃತಿಸ್ವಾಮ್ಯ ಕಾಯ್ದೆ 1957ರ 52ನೇ ಕಲಂ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಆದರೆ ಇಷ್ಟು ಸೆಕೆಂಡು ತನಕ ಹಾಕಬಹುದೆಂಬ ಲೆಕ್ಕ ಅದರಲ್ಲಿಲ್ಲ, ಬಾಯಿಂದ ಬಾಯಿಗೆ ಬಂದ ಮಾತು ಅದು. ನಾವು ಮೂಲ ಧ್ವನಿ ಹಾಕುವುದೇ ಇಲ್ಲ, ದೃಶ್ಯವನ್ನು ಬಾಯಲ್ಲಿ ಹೇಳುತ್ತೇವೆ. ಯೂಟ್ಯೂಬಿನ ಯಂತ್ರಕ್ಕೆ ಕಾಯ್ದೆಯ ಕಲಂ ಗೊತ್ತಿಲ್ಲ, ಧ್ವನಿ ಹೊಂದಿದರೆ ತಡೆಯಬಹುದು. ಅತ್ಯಾಚಾರ ಪ್ರಕರಣದ ಸರಣಿಯಾದರೆ ಸಂತ್ರಸ್ತೆಯ ಗುರುತು ಹೊರಬೀಳಬಾರದು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದನ್ನು ಅಪರಾಧವೆನ್ನುತ್ತದೆ, ಮಕ್ಕಳ ಪ್ರಕರಣಕ್ಕೆ ಪೋಕ್ಸೊ 23ನೇ ಕಲಂ ಇದೆ. ಹೆಸರು ಬಿಟ್ಟರೆ ಸಾಲದು. ಊರು, ಕಾಲೇಜು, ತಂದೆಯ ಉದ್ಯೋಗ ಸೇರಿಸಿ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ. ಆತ್ಮಹತ್ಯೆಯ ದೃಶ್ಯವಿದ್ದರೆ ವಿಧಾನ ವಿವರಿಸುವುದಿಲ್ಲ, ಶುರುವಿನಲ್ಲೇ ಎಚ್ಚರಿಕೆ ಹೇಳಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡುತ್ತೇವೆ.

ಇನ್ನು ಕೋಣೆ. ಫರಶಿ ನೆಲ, ಬರೀ ಗೋಡೆ ಇದ್ದರೆ ದನಿ ಗುಂಯ್ ಅನ್ನುತ್ತದೆ. ಫೋಮ್ ಕೊಳ್ಳುವ ಮೊದಲು ಮನೆಯ ಕೌದಿಗಳನ್ನು ಹೊರತೆಗೆಯಿರಿ. ನಾಲ್ಕೈದು ಪದರ ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿಯನ್ನು ಮಾತಾಡುವವರ ಎದುರಿನ ಗೋಡೆಗೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿ, ಕಾಲಡಿ ಗಾದಿ ಹಾಸಿ. ಆ ಖಾಲಿ ಜಾಗವೂ ಕೆಲಸ ಮಾಡುತ್ತದೆ, ಗೋಡೆಗೆ ಅಂಟಿಸಿದರೆ ಅಷ್ಟು ಫಲವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಪತ್ರಾಸಿನ, ಅಂದರೆ ತಗಡಿನ ಚಾವಣಿಯ, ಕೆಳಗೆ ರೆಕಾರ್ಡಿಂಗ್ ಬೇಡವೇ ಬೇಡ; ಆ ಮಳೆಯ ಸದ್ದನ್ನು ದನಿ ಕೆಡದಂತೆ ತೆಗೆಯುವುದು ಕಷ್ಟ. ಕಂಡೆನ್ಸರ್ ಮೈಕ್ ರಸ್ತೆಯ ಹಾರ್ನನ್ನೆಲ್ಲ ಎಳೆದುಕೊಳ್ಳುತ್ತದೆ, ಅದರ ಬದಲು ಡೈನಾಮಿಕ್ ಮೈಕ್ ಬಾಯಿಗೆ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಇರಲಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದರೆ ಧ್ವನಿಯಲ್ಲಿ ಜುಂಯ್ ಸೇರಬಹುದು, ಆಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ.

48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು, ಒಬ್ಬೊಬ್ಬರಿಗೆ ಬೇರೆ ಟ್ರ್ಯಾಕ್. ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ, ಈ ವಿಷಯಗಳಲ್ಲಿ ಜನ ಹಠಾತ್ತನೆ ಕೂಗುತ್ತಾರೆ. ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಸದ್ದು ಹಿಡಿಯಿರಿ. ಅದನ್ನು ಮಾದರಿಯಾಗಿ ಕೊಟ್ಟು ಆಡಾಸಿಟಿ ಎಂಬ ಪುಕ್ಕಟೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 6ರಿಂದ 9 ಡೆಸಿಬೆಲ್ ಮಾತ್ರ ಗದ್ದಲ ಇಳಿಸಿ, ಅದಕ್ಕಿಂತ ಹೆಚ್ಚಾದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಕೊನೆಗೆ ಮೋನೊ, ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ದನಿ ಎಷ್ಟು ಜೋರು ಕೇಳುತ್ತದೆಂಬ ಅಳತೆ), 96 ಕೆಬಿಪಿಎಸ್ ಎಂಪಿ3. ಒಂದು ತಾಸಿಗೆ ಸುಮಾರು 43 ಎಂಬಿ, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

ಎಡಿಟಿಂಗಿನಲ್ಲಿ ಉಸಿರು, ‘ಅಂದ್ರ… ಅಂದ್ರ…’ ತೆಗೆಯಬಹುದು. ಅತಿಥಿಯ ಎರಡು ವಾಕ್ಯಗಳ ಜಾಗ ಮಾತ್ರ ಬದಲಿಸುವುದಿಲ್ಲ, ಪ್ರಶ್ನೆಯೊಂದರ ಉತ್ತರವನ್ನು ಇನ್ನೊಂದಕ್ಕೆ ಜೋಡಿಸುವುದಿಲ್ಲ. ಬೇರೆಯವರ ಕತ್ತರಿಯನ್ನು ತಾಸುಗಟ್ಟಲೆ ಪ್ರಶ್ನಿಸಿದ ಮೇಲೆ ಕತ್ತರಿಸದ ಮೂಲ ಫೈಲನ್ನು ನಾವೂ ಒಂದು ವರ್ಷ ಇಟ್ಟುಕೊಳ್ಳಬೇಕಾಗುತ್ತದೆ. ಅತಿಥಿ ಕೇಳಿದರೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇವೆ.